ನೂರಾ ಅರವತ್ತು ಪ್ಯಾಂಟಿನ ಕ್ಲಚ್ಚು

ಕಾರಿನ ಕ್ಲಚ್ ಬದಲಿಸಲು ಗ್ಯಾರೇಜಿನವನು ಕೇಳಿದ್ದು ನೂರಾ ಅರವತ್ತು ಪ್ಯಾಂಟು. ಅವನು ಹೇಳಿದ್ದೇನೋ ದುಡ್ಡಿನಲ್ಲೇ. ಅದನ್ನು ಪ್ಯಾಂಟಿಗೆ ಇಳಿಸಿಕೊಂಡವಳು ಟೈಲರಮ್ಮ. ಉದ್ದವಾದ ಪ್ಯಾಂಟಿನ ಕಾಲು ಕತ್ತರಿಸಿ, ಮಡಿಸಿ ಹೊಲಿದು, ಇಸ್ತ್ರಿ ಹಾಕಿ ಕೊಟ್ಟರೆ ಸಿಗುವ ಕೂಲಿ ಇದೆಯಲ್ಲ, ಅದೇ ಅವಳ ನಾಣ್ಯ. ಒಂದು ದಿನದ ಹಾಲು ಕಾಲು ಪ್ಯಾಂಟು. ಕರೆಂಟ್ ಬಿಲ್ಲು ಹನ್ನೆರಡು. ಅತ್ತೆಯನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರೆ ಹದಿನೆಂಟು. ಕೈ ಸೋಲದಿದ್ದರೆ ಅವಳು ವಾರಕ್ಕೆ ಅರವತ್ತು ಪ್ಯಾಂಟು ಹೊಲಿಯುತ್ತಿದ್ದಳು.

"ಸಾಮಾನು ನನ್ನ ಹತ್ತಿರವೇ ಇದೆ" ಎಂದು ಅವಳು ಹೇಳಿ ನೋಡಿದಳು.

"ಸಾಮಾನು ಯಾರದಾದರೇನಮ್ಮ, ಗೇರ್‌ಬಾಕ್ಸ್ ಇಳಿಸೋ ಬೆನ್ನು ನಂದಲ್ವಾ?" ಎಂದ ಗ್ಯಾರೇಜಿನವನು. "ಕೂಲಿ ಅಷ್ಟೇ. ಅದೂ ಈ ವಾರ ಆಗಲ್ಲ, ಮುಂದಿನ ವಾರವೂ ಕಷ್ಟ."

"ಹಾಗೇ ಆಗಲಿ" ಎಂದು ಅವಳು ಬಂದುಬಿಟ್ಟಳು.

ಐದು ತಿಂಗಳಿಂದ ಅವಳ ಬಾಯಲ್ಲಿ ಇದೊಂದೇ ಮಾತು. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಒಂದು ಬುಧವಾರ ಮಧ್ಯಾಹ್ನ ಊಟ ಮುಗಿಸಿ, ತಟ್ಟೆಯನ್ನು ಸಿಂಕಿನಲ್ಲಿಟ್ಟು, "ಎದೆ ಯಾಕೋ ಹಿಡಿದ ಹಾಗಿದೆ" ಎಂದು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಅವತ್ತಿನಿಂದ ಟೈಲರಮ್ಮನಿಗೆ ಅಳು ಬಂದಿರಲಿಲ್ಲ. ಸಿಟ್ಟೂ ಬಂದಿರಲಿಲ್ಲ. ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಮಲಗಿ ಜೋಮು ಹಿಡಿದ ಕೈಯ ಹಾಗೆ ಇದ್ದಳು. ಕೈ ತನ್ನದೇ, ಹೇಳಿದ ಕೆಲಸವನ್ನೂ ಮಾಡುತ್ತದೆ, ಆದರೆ ಚಿವುಟಿದರೆ ಗೊತ್ತಾಗುವುದಿಲ್ಲ. ನೆರೆಯವರು "ಗಟ್ಟಿಗಿತ್ತಿ" ಎಂದರು. ಜನ ಎಲ್ಲಕ್ಕೂ ಒಂದು ಹೆಸರು ಇಟ್ಟುಬಿಡುತ್ತಾರೆ.

ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ. ಅತ್ತೆಗೆ ಎಪ್ಪತ್ತಾರು ವರ್ಷ, ಮೂವತ್ತೆಂಟು ಕಿಲೋ ತೂಕ, ಎರಡು ಕೆಟ್ಟ ಮೂತ್ರಪಿಂಡ, ಒಂದು ಒಳ್ಳೆಯ ನಾಲಿಗೆ. ಮಂಗಳವಾರ, ಶುಕ್ರವಾರ ಅವರಿಗೆ ಡಯಾಲಿಸಿಸ್. ಆಸ್ಪತ್ರೆ ನದಿಯಾಚೆ, ಉದ್ದ ಸೇತುವೆ ಹತ್ತಿ ಇಳಿದು ಹೋಗಬೇಕು. ಬಸ್ಸಿನಲ್ಲಿ ಹೋದರೆ ಎರಡು ಕಡೆ ಬದಲಿಸಬೇಕು, ಅದು ಅವರ ಕಾಲಿಗೆ ಆಗದ ಮಾತು. ಮೊದಲು ಮಗ ಕಾರಿನಲ್ಲಿ ಕರೆದೊಯ್ಯುತ್ತಿದ್ದ, ಆಮೇಲೆ ಸೊಸೆ.

ಕಳೆದ ಶುಕ್ರವಾರ ಸೇತುವೆಯ ಏರಿನಲ್ಲಿ ಕಾರು ಕೈಕೊಟ್ಟಿತು. ಎಂಜಿನ್ ಹೋ ಎಂದು ಅರಚುತ್ತಿತ್ತು, ಕಾರು ಮಾತ್ರ ಇರುವೆಯ ಹಾಗೆ ತೆವಳುತ್ತಿತ್ತು. ಸುಟ್ಟ ವಾಸನೆ ಬಂತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದದ್ದೇ ಹೊಡೆದದ್ದು.

"ನಾನೇ ಇಳಿದು ತಳ್ಳಲೇನೇ?" ಎಂದರು ಅತ್ತೆ.

"ಬೇಡ ಅತ್ತೆ."

"ಎಂಜಿನ್ ಓಡ್ತಾ ಇದೆ, ಗಾಡಿ ಓಡ್ತಾ ಇಲ್ಲ. ನಮ್ಮಿಬ್ಬರ ಹಾಗೇ ಆಯ್ತಲ್ಲೇ ಇದು."

ಅವಳು ನಗಲಿಲ್ಲ. ಹೇಗೋ ಹೋಗಿ, ಹೇಗೋ ಬಂದರು. ಗ್ಯಾರೇಜಿನವನು ನೂರಾ ಅರವತ್ತು ಕೇಳಿದ್ದು ಅವತ್ತು ಬರುವ ದಾರಿಯಲ್ಲೇ.

ಆ ಸಂಜೆ ಮೈದುನ ಬಂದ. ಅವನಿಗೆ ಟೈಲ್ಸ್ ಅಂಗಡಿ, ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಮನೆ. ಕೆಟ್ಟವನಲ್ಲ. ಆದರೆ ಪ್ರತಿಯೊಂದನ್ನೂ ಅಳೆದು ಕೂಡಿಸಿ ಮುಗಿಸಿಬಿಡಬೇಕೆನ್ನುವ ಜಾತಿ.

"ಅತ್ತಿಗೆ, ಈ ಡಬ್ಬಾನ ಗುಜರಿಗೆ ಹಾಕಿ. ಅಮ್ಮ ನಮ್ಮನೆಗೆ ಬರಲಿ. ಆಸ್ಪತ್ರೆಗೆ ನಡ್ಕೊಂಡೇ ಹೋಗಬಹುದು. ರೂಮ್ ಖಾಲಿ ಮಾಡಿಸಿದೀನಿ, ಹೊಸ ಹಾಸಿಗೆ ತಂದಿದೀನಿ."

"ಹಾಗೇ ಆಗಲಿ" ಎಂದಳು ಟೈಲರಮ್ಮ.

"ಏನು ಹಾಗೇ ಆಗಲಿ?" ಅತ್ತೆ ಮೂಲೆಯಿಂದ ಗುಡುಗಿದರು. "ನಾನೇನು ಬಾಡಿಗೆ ಸೈಕಲ್ಲಾ, ಇಲ್ಲಿಂದ ತಗೊಂಡು ಹೋಗಿ ಅಲ್ಲಿ ನಿಲ್ಲಿಸೋಕೆ? ನಲವತ್ತು ವರ್ಷದಿಂದ ಈ ಕಿಟಕಿಯಲ್ಲಿ ಕೂತಿದೀನಿ. ನಿನ್ನ ರೂಮಿನ ಕಿಟಕಿ ತೆಗೆದ್ರೆ ಏನು ಕಾಣುತ್ತೆ ಹೇಳು? ಟೈಲ್ಸು."

"ಅಮ್ಮ, ಹಠ ಬಿಡು. ಸೇತುವೆ ಮೇಲೆ ಗಾಡಿ ನಿಂತು ನಿಂಗೆ ಹೆಚ್ಚುಕಮ್ಮಿ ಆದ್ರೆ?"

ಅತ್ತೆ ಕಿಟಕಿಯ ಕಡೆಗೆ ತಿರುಗಿ ಕೂತರು. ಕೊನೆಗೆ ಮೈದುನನೇ ಗಡುವು ಕೊಟ್ಟ. "ಮಂಗಳವಾರ ಬೆಳಿಗ್ಗೆ ಏಳಕ್ಕೆ ಬರ್ತೀನಿ. ಕಾರು ಓಡಿದ್ರೆ ಓಡ್ಲಿ, ನಾನು ಬಾಯಿ ತೆಗೆಯಲ್ಲ. ಓಡಲಿಲ್ಲ ಅಂದ್ರೆ ಅಮ್ಮನ ಬಟ್ಟೆಬರೆ ಕಟ್ಟಿಟ್ಟಿರಿ."

ಅವನು ಹೋದ ಮೇಲೆ ಅತ್ತೆ ಕೇಳಿದರು: "ಶೆಡ್ಡಲ್ಲಿ ಮೇಲಿನ ಹಲಗೆ ಮೇಲೆ ಒಂದು ಡಬ್ಬ ಇದೆಯಲ್ಲ, ಏನದು?"

"ಕ್ಲಚ್ ಸೆಟ್ಟು. ಅವರು ತಂದಿಟ್ಟಿದ್ದು."

"ಇಳಿಸು."

"ನನಗೆ ಬರಲ್ಲ ಅತ್ತೆ."

"ಹಿಂದೊಂದು ಸಲ ಅವನು ಇದೇ ಕೆಲಸ ಮಾಡಿದಾಗ ಟಾರ್ಚ್ ಹಿಡಿದವಳು ಯಾರು?"

"ನಾನು."

"ಮತ್ತೆ? ಇಪ್ಪತ್ತೆಂಟು ವರ್ಷ ಟಾರ್ಚ್ ಹಿಡಿದವಳಿಗೆ ಕಣ್ಣು ಇರ್ಲಿಲ್ವಾ? ನಾಳೆ ಬೆಳಿಗ್ಗೆ ಶುರು ಮಾಡು. ಈ ಸಲ ಟಾರ್ಚ್ ನಾನು ಹಿಡೀತೀನಿ."

"ಹಾಗೇ ಆಗಲಿ" ಎಂದಳು ಅವಳು. ಅದೇ ಮಾತು, ಅದೇ ದನಿ. ಮೈದುನನಿಗೂ ಹೂಂ, ಅತ್ತೆಗೂ ಹೂಂ. ಗಾಳಿ ಯಾವ ಕಡೆಯಿಂದ ತಳ್ಳಿದರೂ ಬಾಗಿಲು ತೆರೆದುಕೊಳ್ಳುವುದು ಹಾಗೆಯೇ.

ಮನೆಯ ಪಕ್ಕದ ಶೆಡ್ಡು ಕಾರು ನಿಂತರೆ ಎರಡೂ ಕಡೆ ಒಂದೊಂದು ಮೊಳ ಮಿಗುವಷ್ಟು ಅಗಲ. ಗೋಡೆಯ ಹಲಗೆಯ ಮೇಲೆ ಗಂಡನ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತಿದ್ದವು. ಶನಿವಾರ ಅವಳು ಅವನ ಹಳೆಯ ಪ್ಯಾಂಟು ಹಾಕಿಕೊಂಡಳು. ಅದರ ಕಾಲನ್ನು ತಾನೇ ಕತ್ತರಿಸಿಕೊಂಡಿದ್ದಳು. ಆ ಕೂಲಿಯನ್ನು ಯಾವ ಲೆಕ್ಕಕ್ಕೂ ಸೇರಿಸಲಿಲ್ಲ. ಗೇರ್ ಆಯಿಲ್ ನಾಲ್ಕು ಪ್ಯಾಂಟು, ಗ್ರೀಸು ಅರ್ಧ, ಕಾರನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಕಾಲುಗಳ ಬಾಡಿಗೆ ಎರಡು. ಒಟ್ಟು ಆರೂವರೆ.

ಅವಳ ಕೆಲಸದ ಕ್ರಮ ಯಾವ ಮೆಕ್ಯಾನಿಕ್ಕನದೂ ಅಲ್ಲ. ಒಂದು ಹಳೆಯ ಬೆಡ್‌ಶೀಟನ್ನು ನೆಲಕ್ಕೆ ಹಾಸಿ, ಅದರ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಕಾರಿನ ಮುಂಭಾಗದ ಚಿತ್ರ ಬರೆದಳು. ಬಿಚ್ಚಿದ ಪ್ರತಿ ಬೋಲ್ಟನ್ನೂ ಅದು ಇದ್ದ ಜಾಗಕ್ಕೆ ಸರಿಯಾಗಿ ಶೀಟಿಗೆ ತೂತು ಮಾಡಿ ಸಿಕ್ಕಿಸಿದಳು, ಕತ್ತರಿಸಿದ ಬಟ್ಟೆಗೆ ಗುಂಡುಸೂಜಿ ಚುಚ್ಚಿದ ಹಾಗೆ. ಬ್ಯಾಟರಿ ತಂತಿ ಬಿಚ್ಚಿದಳು. ಮುಂದಿನ ಚಕ್ರಗಳನ್ನು ತೆಗೆದಳು. ಗೇರ್ ಆಯಿಲನ್ನು ಬೋಗುಣಿಗೆ ಸುರಿಸಿಕೊಂಡಳು. ಚಕ್ರಕ್ಕೆ ಹೋಗುವ ಎರಡು ಸಲಾಕೆಗಳನ್ನು ಎಳೆದು ಪಕ್ಕಕ್ಕಿಟ್ಟಳು. ಎಂಜಿನ್ ಕೆಳಗೆ ಕುಸಿಯದಂತೆ ಮರದ ತುಂಡಿಟ್ಟು ಒಂದು ಜಾಕ್ ಕೊಟ್ಟಳು.

ಬಾಗಿಲ ಬಳಿ ಕುರ್ಚಿ ಹಾಕಿ ಕೂತ ಅತ್ತೆ ಟಾರ್ಚ್ ಹಿಡಿದಿದ್ದರು.

"ಅತ್ತೆ, ಬೆಳಕು ಕೆಳಗೆ."

"ಕೆಳಗೇ ಬಿಟ್ಟಿದೀನಲ್ಲ."

"ಅದು ನನ್ನ ಕಣ್ಣಿಗೆ ಬಿಟ್ಟಿರೋದು."

"ನಿನ್ನ ಕಣ್ಣು ಕೆಳಗೇ ಇದೆಯಲ್ಲೇ, ಕಾರಿನಡಿ!"

ಇದೇ ಬೈಗುಳವನ್ನು ಅವಳು ಗಂಡನಿಂದ ಇಪ್ಪತ್ತೆಂಟು ವರ್ಷ ತಿಂದಿದ್ದಳು: ನಾನು ನೋಡೋ ಕಡೆ ಹಿಡಿ ಮಾರಾಯ್ತಿ, ನೀನು ನೋಡೋ ಕಡೆ ಅಲ್ಲ. ಅದು ನೆನಪಾಯಿತು. ಬಂದ ಹಾಗೇ ಹೋಯಿತು. ಅವಳು ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸ್ ಎಂಜಿನ್ನಿನಿಂದ ಬಿಡಿಸಿಕೊಂಡು, ಗಾಲಿಯ ಜಾಕಿನ ಮೇಲೆ ಮಡಿಸಿಟ್ಟ ಹಳೆಯ ಕೌದಿಗೆ ಒರಗಿತು.

"ಭಾರವೇನೇ?"

"ನಿಮ್ಮಷ್ಟೇ ಇರಬಹುದು ಅತ್ತೆ."

"ಹಾಗಾದ್ರೆ ಹುಷಾರಾಗಿ ಇಳಿಸು. ಒಳಗೆ ಏನೇನು ಸಡಿಲ ಆಗಿದೆಯೋ."

ಒಳಗಿದ್ದ ಹಳೆಯ ಪ್ಲೇಟನ್ನು ಅವಳು ಹೊರಗೆ ತೆಗೆದಳು. ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ. ಹಿಡಿತಕ್ಕೆಂದು ಅಂಚಿನಲ್ಲಿ ಅಂಟಿಸಿದ್ದ ಪಟ್ಟಿ ಸವೆದು, ಒಳಗಿನ ರಿವೆಟ್ಟಿನ ತಲೆಗಳು ಹೊಳೆಯುತ್ತಿದ್ದವು.

"ಇಷ್ಟೊಂದು ಯಾಕೆ ಸವೀತು?" ಎಂದರು ಅತ್ತೆ.

"ಅವರು ಓಡಿಸೋವಾಗ ಎಡಗಾಲನ್ನ ಯಾವಾಗಲೂ ಪೆಡಲ್ ಮೇಲೇ ಇಟ್ಕೊಂಡಿರ್ತಿದ್ರು."

"ಹೊಟ್ಟೆಯೊಳಗೆ ಇದ್ದಾಗಲೇ ಸುಮ್ಮನಿರದ ಕಾಲು ಅದು" ಎಂದರು ಅತ್ತೆ, ಬೇರೆ ಯಾರದೋ ಮಗನ ಮಾತಾಡುವ ಹಾಗೆ.

ಇಬ್ಬರೂ ಆ ಬಿಲ್ಲೆಯನ್ನು ನೋಡಿದರು. ಹತ್ತು ವರ್ಷ ಒಂದು ಕಾಲು ಊರಿ ಊರಿ ಸವೆಸಿದ ಕಬ್ಬಿಣ. ಅಳುವವರಾಗಿದ್ದರೆ ಅಳುವ ಹೊತ್ತು ಅದು. ಟೈಲರಮ್ಮ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ ಕೈ ತೊಳೆಯಲು ಹೋದಳು.

ಭಾನುವಾರ ಬೆಳಿಗ್ಗೆ ಡಬ್ಬ ಬಿಚ್ಚಿದಳು. ಹೊಸ ಪ್ಲೇಟಿನ ಒಂದು ಮಗ್ಗುಲು ಚಪ್ಪಟೆ. ಇನ್ನೊಂದು ಮಗ್ಗುಲಲ್ಲಿ ನಡುವೆ ಉಬ್ಬು, ಉಬ್ಬಿನ ಸುತ್ತ ನಾಲ್ಕು ನೀಲಿ ಸ್ಪ್ರಿಂಗು. ಏನೋ ಅಚ್ಚೊತ್ತಿತ್ತು, ಯಾವ ದೇಶದ ಅಕ್ಷರವೋ, ಇಬ್ಬರಿಗೂ ಓದಲು ಬರಲಿಲ್ಲ. ಯಾವ ಮಗ್ಗುಲು ಎಂಜಿನ್ ಕಡೆಗೆ? ಹಿಂದಿನ ಸಲ ಗಂಡ ಇದನ್ನು ಕೂರಿಸುವಾಗ ಅವಳು ಒಳಗೆ ಚಹಾಕ್ಕಿಟ್ಟು ಬರಲು ಹೋಗಿದ್ದಳು.

ಇಲ್ಲಿ ಇನ್ನೊಬ್ಬರಾಗಿದ್ದರೆ ತಡೆದು ಯೋಚಿಸುತ್ತಿದ್ದರು. ಹಳೆಯದು ಹೇಗೆ ಕೂತಿತ್ತೆಂದು ನೆನಪಿಸಿಕೊಳ್ಳುತ್ತಿದ್ದರು. ಟೈಲರಮ್ಮನ ಕೈ ತಡೆಯಲಿಲ್ಲ. ಮೂವತ್ತೈದು ವರ್ಷ ಬಟ್ಟೆ ಜೋಡಿಸಿದ ಕೈ. ಎರಡು ತುಂಡು ಜೋಡಿಸುವಾಗ ಮೊದಲ ಪಾಠ ಒಂದೇ: ಮುಖಕ್ಕೆ ಮುಖ, ಬೆನ್ನು ಹೊರಗೆ. ಎಂಜಿನ್ನಿನ ಚಕ್ರದ ನುಣುಪಾದ ಮೈ ಅದರ ಮುಖ. ನೀಲಿ ಸ್ಪ್ರಿಂಗಿನ ಚೆಂದದ ಮಗ್ಗುಲು ಪ್ಲೇಟಿನ ಮುಖ. ಎರಡನ್ನೂ ಎದುರುಬದುರು ಮಾಡಿದಳು. ಡಬ್ಬದಲ್ಲಿದ್ದ ಪ್ಲಾಸ್ಟಿಕ್ ಕಡ್ಡಿ ತೂರಿಸಿ ನಡುಮಧ್ಯಕ್ಕೆ ತಂದಳು, ಅದನ್ನು ಅದುಮಿ ಹಿಡಿಯುವ ಒತ್ತುಪ್ಲೇಟನ್ನು ಮೇಲೆ ಕೂರಿಸಿದಳು, ಆರು ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದಳು. ಅಚ್ಚುಕಟ್ಟಾದ ಕೆಲಸ. ಹೊಲಿಗೆಯಾಗಿದ್ದರೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಸಂಜೆ ನಾಲ್ಕಕ್ಕೆ ಬೆಡ್‌ಶೀಟಿನ ಮೇಲೆ ಒಂದು ಬೋಲ್ಟೂ ಉಳಿದಿರಲಿಲ್ಲ. ಅವಳು ಕಾರನ್ನು ನೆಲಕ್ಕಿಳಿಸಿ, ಒಳಗೆ ಕೂತು ಕೀಲಿ ತಿರುಗಿಸಿದಳು. ಎಂಜಿನ್ ಹೊತ್ತಿಕೊಂಡಿತು. ಕ್ಲಚ್ ಒತ್ತಿ ಗೇರ್ ಹಾಕಲು ಹೋದಳು. ಕರ್ ಎಂದು ಹಲ್ಲು ಕಡಿದ ಸದ್ದು. ಇನ್ನೊಮ್ಮೆ ಹಾಕಿದಳು. ಅದೇ ಸದ್ದು. ಎಂಜಿನ್ ಆರಿಸಿ, ಗೇರ್ ಹಾಕಿಟ್ಟು, ಕ್ಲಚ್ಚನ್ನು ನೆಲಕ್ಕೆ ಹತ್ತುವವರೆಗೆ ಒತ್ತಿಯೇ ಕೀಲಿ ತಿರುಗಿಸಿದಳು. ಕಾರು ಕಪ್ಪೆಯಂತೆ ಮುಂದಕ್ಕೆ ನೆಗೆದು ಗೋಡೆಗೆ ಒಂದು ಗೇಣು ಉಳಿಸಿ ನಿಂತಿತು. ಮೊದಲು ಎಂಜಿನ್ನಿಗೂ ಗೇರಿಗೂ ಹಿಡಿತವೇ ಇರಲಿಲ್ಲ. ಈಗ ಹಿಡಿದದ್ದನ್ನು ಬಿಡುತ್ತಿರಲಿಲ್ಲ.

"ಏನಾಯ್ತೇ?"

"ಆಗ್ಲಿಲ್ಲ ಅತ್ತೆ."

"ಯಾಕೆ?"

"ಗೊತ್ತಿಲ್ಲ."

ಅವಳು ಕಾರಿನಿಂದ ಇಳಿದು ಕೈಯಲ್ಲಿದ್ದ ಚಿಂದಿಯನ್ನು ಮಡಿಸಿ ಇಟ್ಟಳು. "ಮಂಗಳವಾರ ಹೋಗಿಬಿಡಿ ಅತ್ತೆ. ನಿಮ್ಮ ಬಟ್ಟೆ ಕಟ್ಟಿಡ್ತೀನಿ."

ಅತ್ತೆ ಟಾರ್ಚ್ ಆರಿಸಲು ಮರೆತು ಅವಳ ಮುಖಕ್ಕೇ ಹಿಡಿದಿದ್ದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಹೋದ್ರೆ ಸಾಕು ಅಂತ ಇದೆಯಾ ನಿಂಗೆ?"

"ಗೊತ್ತಿಲ್ಲ ಅತ್ತೆ." ಸುಳ್ಳು ಹೇಳುವಷ್ಟು ಶಕ್ತಿಯೂ ಅವಳಲ್ಲಿರಲಿಲ್ಲ. "ಹೋಗಿ ಅಂತಲೂ ಅನ್ನಿಸಲ್ಲ, ಇರಿ ಅಂತಲೂ ಅನ್ನಿಸಲ್ಲ. ಏನೂ ಅನ್ನಿಸ್ತಾನೇ ಇಲ್ಲ."

ಅತ್ತೆ ತಲೆಯಾಡಿಸಿದರು. ಸಿಟ್ಟು ಮಾಡಲಿಲ್ಲ. "ನನಗೂ ಹಾಗೇ ಕಣೇ. ಹೆತ್ತ ಮಗ ಹೋದ. ಅಳು ಬರುತ್ತೆ, ಬರುತ್ತೆ ಅಂತ ಕಾಯ್ತಾ ಕೂತಿದೀನಿ. ಇಲ್ಲಿ ನೀನೂ ಹಾಗೇ ಕೂತಿರ್ತೀಯ, ಅದಕ್ಕೆ ಹೇಗೋ ನಡೀತಿದೆ. ಅಲ್ಲಿ ಎಲ್ಲರೂ ನನ್ನ ನಗಿಸೋಕೆ ಬರ್ತಾರೆ. ಅದೇ ಭಯ."

ಟೈಲರಮ್ಮ ಬಟ್ಟೆ ಕಟ್ಟಲು ಒಳಗೆ ಹೋದಳು. ಅತ್ತೆಯ ಆಸ್ಪತ್ರೆಯ ರವಿಕೆ ಅರ್ಧಕ್ಕೆ ನಿಂತಿತ್ತು. ಸೂಜಿ ಚುಚ್ಚುವ ಕೈಯ ತೋಳು ಉದ್ದಕ್ಕೂ ಬಿಚ್ಚುವಂತೆ ಅದಕ್ಕೆ ಟಿಚ್ ಬಟನ್ ಇಡಬೇಕಿತ್ತು. ಅರೆಬರೆ ಬಟ್ಟೆಯನ್ನು ಕೊಟ್ಟು ಕಳಿಸುವುದು ಅವಳ ಕಸುಬಿಗೆ ಒಗ್ಗದ ಮಾತು. ಮೆಷಿನ್ನಿಗೆ ಕೂತಳು. ತೋಳಿನ ಎರಡು ತುಂಡುಗಳನ್ನು ಮುಖಕ್ಕೆ ಮುಖ ಇಟ್ಟಳು, ಅಂಚು ಹೊಲಿದಳು, ದಾರ ಕತ್ತರಿಸಿದಳು. ಆಮೇಲೆ ಎಂದಿನ ಹಾಗೆ ತೋಳಿನೊಳಗೆ ಕೈ ತೂರಿಸಿ ಒಳಗನ್ನು ಹೊರಕ್ಕೆಳೆದಳು.

ಕೈ ಅರ್ಧದಲ್ಲೇ ನಿಂತಿತು.

ಬಟ್ಟೆಯನ್ನು ಹೊಲಿದ ಮೇಲೆ ಮಗುಚಬಹುದು. ಮಗುಚುತ್ತೇವೆ ಎಂದೇ ಮುಖಕ್ಕೆ ಮುಖ ಇಡುವುದು. ಕಬ್ಬಿಣವನ್ನು ಮಗುಚುವವರು ಯಾರು?

ರವಿಕೆಯನ್ನು ಕೈಯಲ್ಲೇ ಹಿಡಿದುಕೊಂಡು ಶೆಡ್ಡಿಗೆ ಹೋದಳು. ಮೊಳೆಗೆ ತೂಗುತ್ತಿದ್ದ ಹಳೆಯ ಪ್ಲೇಟನ್ನು ಇಳಿಸಿ ಬಾಗಿಲ ಬೆಳಕಿಗೆ ಹಿಡಿದಳು. ಚಪ್ಪಟೆ ಮಗ್ಗುಲಿನ ನಡುಭಾಗಕ್ಕೆ ಎಂಜಿನ್ ಕಡೆಯ ಕಪ್ಪು ಮಸಿ ಮೆತ್ತಿತ್ತು. ಉಬ್ಬಿನ ಒಳಗೆ ಗೇರ್‌ಬಾಕ್ಸಿನ ಸಲಾಕೆಗೆ ಹಚ್ಚಿದ್ದ ಹಳೆಯ ಗ್ರೀಸು ಒಣಗಿ ಕೂತಿತ್ತು. ಉಬ್ಬು ಇರಬೇಕಾದದ್ದು ಗೇರ್‌ಬಾಕ್ಸಿನ ಕಡೆಗೆ. ಅವಳು ಅದನ್ನು ಎಂಜಿನ್ನಿಗೆ ಮುಖ ಮಾಡಿ ಒತ್ತಿ ಬಿಗಿದುಬಿಟ್ಟಿದ್ದಳು.

"ಅತ್ತೆ, ನಾನು ಅದನ್ನ ಪ್ಯಾಂಟಿನ ಹಾಗೆ ಹೊಲಿದುಬಿಟ್ಟಿದೀನಿ."

ಅತ್ತೆಗೆ ಅರ್ಥವಾಗಲು ರವಿಕೆಯ ತೋಳನ್ನು ಎರಡು ಸಲ ಮಗುಚಿ ತೋರಿಸಬೇಕಾಯಿತು. ಅರ್ಥವಾದ ಮೇಲೆ ಅವರು, "ಅಯ್ಯೋ, ನಿನ್ನ ಮಾವನ ಅಂಗಿಯನ್ನ ನಾನು ಒಗೆದು ಒಗೆದು ಒಳಗೂ ಹೊರಗೂ ಒಂದೇ ಮಾಡಿಬಿಟ್ಟಿದ್ದೆ. ಅಂಥದ್ದಾಗಿದ್ರೆ ಈ ತೊಂದರೆ ಇರ್ತಿರ್ಲಿಲ್ಲ" ಎಂದರು. ಆಮೇಲೆ "ಬಿಚ್ತೀಯಾ?" ಎಂದು ಕೇಳಿದರು.

ಟೈಲರಮ್ಮ ಈ ಸಲ "ಹಾಗೇ ಆಗಲಿ" ಎನ್ನಲಿಲ್ಲ. ಅತ್ತೆ ಉಳಿಯಲಿ ಎಂಬ ಆಸೆ ಉಕ್ಕಿತು ಎಂದೇನೂ ಅಲ್ಲ. ತಪ್ಪು ಹೊಲಿಗೆ ಕಣ್ಣಿಗೆ ಬಿದ್ದ ಮೇಲೆ ಅದನ್ನು ಹಾಗೇ ಬಿಟ್ಟು ಅಭ್ಯಾಸವಿರಲಿಲ್ಲ, ಅಷ್ಟೆ. "ಬಿಚ್ಚದೆ ಇನ್ನೇನು ಅತ್ತೆ," ಎಂದಳು, "ನಾಳೆ ಬೆಳಿಗ್ಗೆ ಬಿಚ್ಚಿ ಹೊಲೀತೀನಿ."

ಸೋಮವಾರ ಎಂಟಕ್ಕೆ ಶುರುಮಾಡಿದರು. ಬಿಚ್ಚಿ ಹೊಲಿಯುವುದು ಟೈಲರಮ್ಮನಿಗೆ ಹೊಸದಲ್ಲ. ಅರ್ಧ ಜೀವನ ಅದರಲ್ಲೇ ಕಳೆದಿದೆ. ಪ್ರತಿ ಬೋಲ್ಟಿನ ಅಳತೆಯೂ ಕೈಗೆ ಗೊತ್ತಿತ್ತು. ಗೇರ್‌ಬಾಕ್ಸ್ ಇಳಿಯುವಾಗ ಅವಳ ಎಡಗೈಯ ಹೆಬ್ಬೆರಳು ಸಿಕ್ಕಿಕೊಂಡು ಉಗುರು ಕಪ್ಪಾಯಿತು. ಅತ್ತೆ ಕಿರುಚಿದರು. ಅವಳು ಕಿರುಚಲಿಲ್ಲ; ಬೆರಳಿಗೆ ಚಿಂದಿ ಸುತ್ತಿ, ಪ್ಲೇಟನ್ನು ತೆಗೆದು ತಿರುಗಿಸಿ ಕೂರಿಸಿದಳು. ಈ ಸಲ ಬೆನ್ನು ಒಳಗೆ, ಮುಖ ಹೊರಗೆ. ಕೈಗೆ ಅದು ಒಪ್ಪಿಗೆಯಾಗಲಿಲ್ಲ. ಮೂರು ಸಲ ಹಳೆಯ ಪ್ಲೇಟಿನೊಂದಿಗೆ ಹೋಲಿಸಿ ನೋಡಿ ಆಮೇಲೆ ಬೋಲ್ಟ್ ಬಿಗಿದಳು. ಸಂಜೆ ಐದಕ್ಕೆ ಕಾರು ನೆಲಕ್ಕಿಳಿಯಿತು. ಕ್ಲಚ್ ಒತ್ತಿದಳು, ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಗೇಟಿನವರೆಗೆ ಹೋಗಿ ಹಿಂದಕ್ಕೆ ಬಂದಳು.

"ಇನ್ನೊಂದ್ಸಲ ಹೋಗಿ ಬಾ" ಎಂದರು ಅತ್ತೆ. ಹೋಗಿ ಬಂದಳು.

ಮಂಗಳವಾರ ಏಳಕ್ಕೆ ಐದು ನಿಮಿಷ ಇರುವಾಗಲೇ ಮೈದುನ ಬಂದ. ಟೈಲ್ಸ್ ಸಾಗಿಸುವ ವ್ಯಾನಿನ ಹಿಂಭಾಗ ಗುಡಿಸಿ, ಅಮ್ಮನ ಸಾಮಾನಿಗೆಂದು ರಟ್ಟು ಹಾಸಿದ್ದ. ಅಮ್ಮ ಆಗಲೇ ಹೊಸ ತೋಳಿನ ರವಿಕೆ ತೊಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು.

"ಓಡುತ್ತಾ ಅತ್ತಿಗೆ?"

"ಹಿಂದೆ ಬಾ. ಸೇತುವೆ ಮೇಲೆ ನೋಡು."

ಅವನು ಹಿಂದೆ ಹಿಂದೆಯೇ ಬಂದ. ಸೇತುವೆಯ ಏರು ಬಂತು. ಹಳೆಯ ಕ್ಲಚ್ಚು ಹಿಡಿಯಲು ಪೆಡಲನ್ನು ಪೂರ್ತಿ ಮೇಲಕ್ಕೆ ಬಿಡಬೇಕಾಗುತ್ತಿತ್ತು, ಗಂಡನ ಕಾಲು ಅದನ್ನು ಹಾಗೆ ಪಳಗಿಸಿತ್ತು. ಹೊಸದು ಸ್ವಲ್ಪ ಬಿಟ್ಟರೂ ಕೆಳಗೇ ಹಿಡಿಯುತ್ತಿತ್ತು. ಅವಳ ಎಡಗಾಲು ಹಳೆಯ ಜಾಗವನ್ನು ಹುಡುಕಿತು. ಅದು ಅಲ್ಲಿರಲಿಲ್ಲ. ಐದು ತಿಂಗಳಲ್ಲಿ ಮೊದಲ ಬಾರಿ ಅವಳ ಮೈಯ ಒಂದು ತುಂಡಿಗೆ ಏನೋ ಗೊತ್ತಾದದ್ದು ಆಗಲೇ, ಅದೂ ಪಾದಕ್ಕೆ ಮಾತ್ರ. ಅವಳು ಕಾಲನ್ನು ಪೆಡಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಕಾರು ಏರು ಹತ್ತಿತು.

"ಕಾಲು ಪಕ್ಕಕ್ಕಿಟ್ಟೆಯಾ?" ಎಂದರು ಅತ್ತೆ, ಮುಂದೆ ನೋಡುತ್ತಲೇ.

"ಇಟ್ಟೆ."

"ಹಾಗೇ ಇಟ್ಟಿರು."

ಆಸ್ಪತ್ರೆಯ ಬಾಗಿಲಲ್ಲಿ ಮೈದುನ ಅಮ್ಮನನ್ನು ಕೈಹಿಡಿದು ಇಳಿಸಿದ. ಕೊಟ್ಟ ಮಾತಿನಂತೆ ಏನೂ ಅನ್ನಲಿಲ್ಲ. ಕೊನೆಗೆ ತಡೆಯಲಾರದೆ, "ಹಾಸಿಗೆ ಏನು ಮಾಡ್ಲಿ? ಅಂಗಡಿಯವನು ವಾಪಸ್ ತಗೊಳಲ್ಲ ಅಂತಾನೆ" ಎಂದ. ಅವನ ದನಿ ಸಣ್ಣಗಾಗಿತ್ತು. ಅವನೂ ಅಣ್ಣನನ್ನು ಕಳೆದುಕೊಂಡವನೇ ಎಂಬುದು ಟೈಲರಮ್ಮನಿಗೆ ಆಗ ಹೊಳೆಯಿತು.

ಅತ್ತೆಗೂ ಹೊಳೆದಿರಬೇಕು. "ಶುಕ್ರವಾರ ಇಲ್ಲಿ ಮುಗಿದ ಮೇಲೆ ನಿನ್ನ ಮನೆಗೆ ಬರ್ತೀನಿ. ಎರಡು ಗಂಟೆ ಮಲಗ್ತೀನಿ ಆ ಹಾಸಿಗೆ ಮೇಲೆ. ಆದ್ರೆ ಯಾರೂ ನನ್ನ ನಗಿಸೋಕೆ ಬರಬಾರದು" ಎಂದರು.

ಸಂಜೆ ಗುಜರಿಯವನು ಹಳೆಯ ಕಬ್ಬಿಣ ಕೇಳಿ ಬಂದಾಗ ಟೈಲರಮ್ಮ ಹಳೆಯ ಪ್ಲೇಟನ್ನು ಮೊಳೆಯಿಂದ ಇಳಿಸಿ ಕೊಟ್ಟಳು. ಅವನು ಕೊಟ್ಟದ್ದು ಅರ್ಧ ಪ್ಯಾಂಟು.

ಮೂರು ದಿನ ಹೊಲಿಗೆ ನಿಂತು ಮೂವತ್ತು ಪ್ಯಾಂಟು ಕೈಬಿಟ್ಟಿತು. ಸಾಮಾನಿಗೆ ಆರೂವರೆ ಹೋಯಿತು. ಒಂದು ಉಗುರು ಹೋಯಿತು. ಗ್ಯಾರೇಜಿಗೆ ಕೊಡಬೇಕಿದ್ದ ನೂರಾ ಅರವತ್ತು ಉಳಿಯಿತು. ಗಂಡನ ಕಾಲಿನ ಗುರುತು ಕಾರಿನಲ್ಲಿ ಉಳಿಯಲಿಲ್ಲ. ಅತ್ತೆ ಮನೆಯಲ್ಲಿ ಉಳಿದರು.